ಹಾಡಿಗೆ ಅಂಕ ಹಾಕುವವರು ಕೂಡಿ ಕುಳಿತರೆ

ಭೂಪಾಲಿಯ ಜಾತಿ ಯಾವುದು, ವಾದಿ ಸಂವಾದಿ ಯಾವುವು ಎಂದು ಸಂಗೀತ ಪರೀಕ್ಷೆಯಲ್ಲಿ ಕೇಳುತ್ತಾರೆ. ಔಡವ, ಗಂಧಾರ, ಧೈವತ ಎಂದು ಬರೆದರೆ ಪೂರ್ಣ ಅಂಕ. ಅದೇ ಹುಡುಗಿ ಹಾಡಲು ಕುಳಿತಾಗ ಗಂಧಾರ ತುಸು ಕೆಳಗೇ ನಿಂತುಬಿಟ್ಟರೆ ಎಷ್ಟು ಕಳೆಯಬೇಕು? ಇಂಡಿಯ ಮೇಷ್ಟ್ರು ಎರಡು ಅಂಕ ಎಂದಾರು, ಮುದ್ದೇಬಿಹಾಳದವರು ಹತ್ತು ಎಂದಾರು, ಸಿಂದಗಿಯವರು ‘ಹುಡುಗಿ ಅಂಜ್ಯಾಳ, ಬಿಡ್ರಿ’ ಎಂದು ಮುಂದೆ ಹೋದಾರು. ಮೂವರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಈ ಒಂದು ಗಂಧಾರದ ಬಗ್ಗೆಯೇ ಒಂದು ತಾಸು ಜಗಳಾಡಿಸಬೇಕು ಎಂಬುದು ನನ್ನ ಬಹುದಿನದ ಆಸೆ. ವಿಜಯಪುರ ಜಿಲ್ಲೆಯ ಸಂಗೀತ ಶಿಕ್ಷಕರು ಮೌಲ್ಯಮಾಪನವನ್ನೇ ವಿಷಯವಾಗಿಟ್ಟುಕೊಂಡು ಒಂದು ವಿಚಾರ ಸಂಕಿರಣ ಮಾಡಲಿ ಎಂದು ಈ ವಾರ ಬರೆಯುತ್ತಿರುವುದು ಅದಕ್ಕೇ.

ಪರೀಕ್ಷೆಗಳಿಗೇನೂ ಬರವಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ರಾಜ್ಯದ ಪರೀಕ್ಷೆಗಳಿವೆ. ಮೊದಲು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯ ಕೈಯಲ್ಲಿದ್ದುವು, ಈಚೆಗೆ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯಕ್ಕೆ ಬಂದಿವೆ. ನಮ್ಮ ಕಡೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳೂ ನಡೆಯುತ್ತವೆ: ಪ್ರಾರಂಭಿಕದಿಂದ ಹಿಡಿದು ವಿಶಾರದ, ಅಲಂಕಾರದವರೆಗೆ. ಅದರ ಬೇರು ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ತೆರೆದ ಶಾಲೆಯಲ್ಲಿದೆ. ಅವರು ಕಲಿತದ್ದು ನಮಗೆ ಹತ್ತಿರದ ಮಿರಜದಲ್ಲಿ. ಅವರು ತೀರಿಕೊಂಡ 1931ರಲ್ಲೇ ಶಿಷ್ಯರು ಸೇರಿ ಮಂಡಲ ಕಟ್ಟಿದರು. ಪರೀಕ್ಷೆ ಎಂದರೆ ಮೂಗು ಮುರಿಯುವ ರಸಿಕರ ಗುಂಪಿಗೆ ನಾನು ಸೇರಿದವನಲ್ಲ. ಮನೆಯ ಹೆಣ್ಣುಮಗಳು ತಂಬೂರಿ ಹಿಡಿದರೆ ಊರೇ ಹುಬ್ಬೇರಿಸುತ್ತಿದ್ದ ಕಾಲದಲ್ಲಿ, ‘ಪರೀಕ್ಷೆಗೆ ಓದ್ಲಿಕ್ಹತ್ಯಾಳ’ ಎಂಬ ಮಾತು ಆಕೆಗೆ ದೊಡ್ಡ ಆಸರೆಯಾಗಿತ್ತು.

ಶಾಲೆಯ ಕಡೆಯ ಕತೆ ಬೇರೆ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮಗು ಮೇಲೇರುತ್ತದೆ. ಜನಪದ ಗೀತೆ, ಭಾವಗೀತೆ, ಗಜಲ್, ಎಲ್ಲಕ್ಕೂ ನಿಮಿಷಗಳ ಲೆಕ್ಕ. ನಿರ್ಣಾಯಕರ ಕುರ್ಚಿಯಲ್ಲಿ ಕೂತವರು ಗಣಿತದ ಮೇಷ್ಟ್ರೂ ಆಗಿರಬಹುದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಏನನ್ನು ಕೇಳಿಸಿಕೊಳ್ಳಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಹೀಗಾಗಿ ಗಟ್ಟಿ ದನಿಗೆ ಬಹುಮಾನ, ಇಳಕಲ್ ಸೀರೆಯುಟ್ಟ ಹುಡುಗಿಗೆ ಇನ್ನೆರಡು ಅಂಕ.

ಸಂಗೀತಗಾರರು ಕೂಡಿ ವಾದಿಸುವುದೇನೂ ಹೊಸದಲ್ಲ. 1916ರಲ್ಲಿ ಬರೋಡಾದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಭಾತಖಂಡೆ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ನಡೆಸಿದರು. ಮೂಲತಃ ವಕೀಲರು; ಉಸ್ತಾದರನ್ನೂ ಸಾಕ್ಷಿಗಳಂತೆಯೇ ಪ್ರಶ್ನಿಸುತ್ತಿದ್ದರು. ಆ ಸರಣಿಯ ಪರಿಷತ್ತುಗಳ ಫಲವಾಗಿ 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಹುಟ್ಟಿತು. ರಾಗದ ಲಕ್ಷಣ ಯಾವುದು ಎಂಬುದಕ್ಕೆ ಪುಸ್ತಕಗಳೂ ಬಂದುವು. ಕಲಿತವನನ್ನು ಕೇಳುವುದು ಹೇಗೆ ಎಂಬುದಕ್ಕೆ ಮಾತ್ರ ಅಷ್ಟು ತಲೆ ಯಾರೂ ಕೆಡಿಸಿಕೊಳ್ಳಲಿಲ್ಲ.

ಕೆಡಿಸಿಕೊಂಡದ್ದು ಆಕಾಶವಾಣಿ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರರ ಕಾಲದಲ್ಲಿ ಆಡಿಶನ್ ಪದ್ಧತಿ ಬಿಗಿಯಾಯಿತು. ಹಾಡುವವನ ಹೆಸರು, ಘರಾಣೆ, ಮುಖ ಯಾವುದೂ ತಿಳಿಯದಂತೆ ಸಮಿತಿ ಬರೀ ದನಿ ಕೇಳಿ ತೀರ್ಮಾನಿಸಬೇಕು. ಸಮಿತಿಯಲ್ಲಿ ಭಾತಖಂಡೆಯವರ ಶಿಷ್ಯ ರಾತಂಜನಕರ್ ಇದ್ದರು. ದೊಡ್ಡ ದೊಡ್ಡ ಕಲಾವಿದರು ‘ನಮ್ಮನ್ನು ಇವರು ಪರೀಕ್ಷೆ ಮಾಡುವುದೇ’ ಎಂದು ಕೆರಳಿದರು. ಆ ಸಿಟ್ಟಿನಲ್ಲಿ ನ್ಯಾಯವಿತ್ತು, ಪದ್ಧತಿಯಲ್ಲಿಯೂ ನ್ಯಾಯವಿತ್ತು. ‘ಬಿ ಹೈ ಗ್ರೇಡ್ ಕಲಾವಿದರು’ ಎಂದು ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಹೆಮ್ಮೆಯಿಂದ ಅಚ್ಚಾಗುವುದು ಅದರದೇ ಫಲ. ಇದೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು ಎಂಬುದನ್ನೂ ಮರೆಯುವಂತಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಪೇಟಿಯಿಲ್ಲದೆ ಭಜನೆಯೇ ಏಳುವುದಿಲ್ಲ, ಮಕ್ಕಳ ಕಿವಿ ತಯಾರಾಗುವುದೂ ಪೇಟಿಯ ಪಟ್ಟಿಗಳ ಮೇಲೆಯೇ. ತಂಬೂರಿಯ ಗಂಧಾರ ಬೇರೆ, ಪೇಟಿಯ ಗಂಧಾರ ಬೇರೆ. ಹಾಗಾದರೆ ಅಂಕ ಕೊಡುವಾಗ ಯಾವ ಗಂಧಾರವನ್ನು ಪ್ರಮಾಣ ಎನ್ನೋಣ? ಸಂಕಿರಣಕ್ಕೆ ಇದೊಂದೇ ಪ್ರಶ್ನೆ ಸಾಕು.

ನಮ್ಮ ನೆಲದಲ್ಲಿ ಪರೀಕ್ಷೆಯ ಇನ್ನೊಂದು ಪರಂಪರೆಯೇ ಇದೆ, ಸಂಗೀತ ಶಿಕ್ಷಕರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಗೀಗಿ ಮೇಳಗಳ ಹರದೇಶಿ-ನಾಗೇಶಿ ನೆನೆಯಿರಿ. ಒಂದು ಮೇಳ ಶಿವ ಹೆಚ್ಚು ಎನ್ನುತ್ತದೆ, ಇನ್ನೊಂದು ಶಕ್ತಿ ಹೆಚ್ಚು ಎನ್ನುತ್ತದೆ. ದಪ್ಪು, ತುಂತುಣಿ, ತಾಳ, ರಾತ್ರಿಯಿಡೀ ಸವಾಲ್-ಜವಾಬ್. ಎದುರಿನವರು ಎಸೆದ ಸವಾಲಿಗೆ ಅದೇ ಧಾಟಿಯಲ್ಲಿ, ಅದೇ ತಾಳದಲ್ಲಿ ಉತ್ತರ ಹೊಸೆಯದಿದ್ದರೆ ಸೋಲು. ಬೀರಪ್ಪನ ಜಾತ್ರೆಗಳ ಡೊಳ್ಳಿನ ಹಾಡಿಕಿಯಲ್ಲಿಯೂ ಹೀಗೆಯೇ. ಇಲ್ಲಿ ಅಳೆಯುವುದು ನೆನಪು, ಲಯ, ಸಮಯಸ್ಫೂರ್ತಿ, ಮತ್ತು ಎದುರಿನವರ ಹಾಡನ್ನು ಕೇಳಿಸಿಕೊಳ್ಳುವ ಶಕ್ತಿ. ಕೇಳಿಸಿಕೊಳ್ಳದವನು ಉತ್ತರ ಕೊಡಲಾರ. ನಿರ್ಣಾಯಕರೋ, ಕಟ್ಟೆಯ ಮೇಲೆ ಕೂತ ಹಿರಿಯರು ಮತ್ತು ಕಂಬಳಿ ಹೊದ್ದ ಇಡೀ ಊರು. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಮಧುರಚೆನ್ನ ಮತ್ತು ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಹಾಡಿನ ಸಾಹಿತ್ಯಕ್ಕೆ ಮಾನ್ಯತೆ ಸಿಕ್ಕಿತು. ಹಾಡುವ ವಿದ್ಯೆಗೆ ಅಂಥ ಮಾನ್ಯತೆ ಇನ್ನೂ ಬಾಕಿಯಿದೆ.

ಲಂಡನ್ನಿನ ರಾಯಲ್ ಸಂಗೀತ ಶಾಲೆಗಳ ಮಂಡಳಿ 1890ರಿಂದ ಪರೀಕ್ಷೆ ನಡೆಸುತ್ತಿದೆ. ಅದರ ಪ್ರಾಯೋಗಿಕ ಪರೀಕ್ಷೆಯ 150 ಅಂಕಗಳಲ್ಲಿ 18 ಅಂಕ ಬರೀ ಕಿವಿಗೆ: ಪರೀಕ್ಷಕ ನುಡಿಸಿದ್ದನ್ನು ಕೇಳಿ ಹಾಡಬೇಕು, ತಾಳ ಹಾಕಬೇಕು, ವ್ಯತ್ಯಾಸ ಹೇಳಬೇಕು. ಸ್ವರಸಮೂಹದಿಂದ ರಾಗ ಗುರುತಿಸುವ ಪ್ರಶ್ನೆ ನಮ್ಮಲ್ಲಿಯೂ ಉಂಟು, ಆದರೆ ಅದು ಊಟಕ್ಕೆ ಉಪ್ಪಿನಕಾಯಿಯಷ್ಟು. ಹದಿನೆಂಟು ಅಂಕವೂ ನನಗೆ ಕಡಿಮೆಯೇ ಅನ್ನಿಸುತ್ತದೆ. ಹಾಡಿಕಿಯ ಲೆಕ್ಕದಲ್ಲಿ ಅರ್ಧದಷ್ಟು ಅಂಕ ಕಿವಿಗೇ ಸಲ್ಲಬೇಕು.

ಸಂಕಿರಣ ಎಂದೊಡನೆ ಶಾಲು, ಹಾರ, ಪ್ರಬಂಧ ಮಂಡನೆ, ಪ್ರಮಾಣಪತ್ರ ಬೇಡ. ಬೆಳಿಗ್ಗೆ ಐದು ಮಕ್ಕಳ ಹಾಡಿನ ಧ್ವನಿಮುದ್ರಿಕೆ ಹೆಸರಿಲ್ಲದೆ ಕೇಳಿಸಲಿ. ಬಂದ ಶಿಕ್ಷಕರೆಲ್ಲ ಚೀಟಿಯಲ್ಲಿ ಅಂಕ ಬರೆಯಲಿ. ಎಲ್ಲ ಅಂಕಗಳನ್ನೂ ಕರಿಹಲಗೆಯ ಮೇಲೆ ಹಾಕಲಿ. ಒಂದೇ ಹಾಡಿಗೆ ಒಬ್ಬರು ನಲವತ್ತು, ಇನ್ನೊಬ್ಬರು ಎಂಬತ್ತು ಕೊಟ್ಟಿದ್ದರೆ ಇಬ್ಬರೂ ಎದ್ದು ಕಾರಣ ಹೇಳಲಿ. ಮಧ್ಯಾಹ್ನ ಒಂದು ಗೀಗಿ ಮೇಳದವರನ್ನೂ ಒಂದು ಡೊಳ್ಳಿನ ಮೇಳದವರನ್ನೂ ಕರೆದು ಅದೇ ಐದು ಹಾಡು ಕೇಳಿಸಿ, ಅವರ ತೀರ್ಪನ್ನೂ ಪಕ್ಕದಲ್ಲಿ ಬರೆಯಲಿ. ಅವರಿಗೆ ಊಟ ಹಾಕಿ, ಹಾಡಿಸಿ ಕಳಿಸಿಬಿಡಬಾರದು. ಪರೀಕ್ಷಕರ ಸಾಲಿನಲ್ಲಿಯೇ ಕುರ್ಚಿ ಕೊಡಬೇಕು, ಅದೇ ಸಂಭಾವನೆ ಕೊಡಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಶಿಕ್ಷಕರನ್ನು ಅಗತ್ಯವಾಗಿ ಕರೆಸಬೇಕು. ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜರು ಬೆಳೆಸಿದ ಆ ಮಠದವರಿಗೆ ಹಾಡುಗಾರನ ಸೀರೆ ಕಾಣುವುದಿಲ್ಲ, ಕೇಸ್ಕರರ ಪರದೆಯೂ ಬೇಕಿಲ್ಲ.

ಊರು ಯಾವುದು ಎಂದರೆ ನನ್ನ ಓಟು ಬಸವನ ಬಾಗೇವಾಡಿಗೆ. ಮುದ್ದೇಬಿಹಾಳದವರಿಗೆ ಹತ್ತಿರ. ಇಂಡಿಯವರು ದೂರ ಎಂದು ಗೊಣಗಬಹುದು, ಆದರೆ ಇಂಡಿ ರೋಡ್, ಬಾಗೇವಾಡಿ ರೋಡ್ ಎರಡೂ ಸೊಲ್ಲಾಪುರ-ಗದಗ ರೈಲು ಮಾರ್ಗದ ಮೇಲೆಯೇ ಇವೆ, ಗದಗಿನ ಗವಾಯಿಗಳೂ ಅದೇ ಹಾದಿಯಲ್ಲಿ ಬರಬಹುದು. ಸಿಂದಗಿಯವರಿಗೆ ಬಸ್ಸೇ ಗತಿ. ಮಾರ್ಚ್ ಬೇಡ, ಶಾಲೆಯ ಪರೀಕ್ಷೆಗಳ ಗದ್ದಲ. ಶ್ರಾವಣವೂ ಬೇಡ, ಪೇಟಿ ಮಾಸ್ತರರು ಯಾರೂ ಕೈಗೆ ಸಿಗುವುದಿಲ್ಲ. ದೀಪಾವಳಿ ಮುಗಿದ ಮೇಲಿನ ಯಾವುದಾದರೂ ರವಿವಾರ ಆದೀತು.