ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು

ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವಳ ಕೈಗೆ ಯಾವ ಪುಸ್ತಕ ಸಿಕ್ಕರೂ ಮೊದಲು ಕೆಂಪು ಪೆನ್ನು ಹುಡುಕುವ ಚಟ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೊಂದನ್ನು ಕುರಿತ ಪಿಎಚ್.ಡಿ. ಮಹಾಪ್ರಬಂಧವನ್ನು ನಾನು ಓದಿದ್ದೂ ಹಾಗೆಯೇ. ಮುನ್ನೂರು ಚಿಲ್ಲರೆ ಪುಟ, ರೆಕ್ಸಿನ್ ರಟ್ಟು, ಮೇಲೆ ಚಿನ್ನದ ಬಣ್ಣದ ಅಕ್ಷರ. ಬರೆದವರ ಹೆಸರನ್ನಾಗಲಿ ಪದವಿ ಕೊಟ್ಟ ವಿಶ್ವವಿದ್ಯಾನಿಲಯದ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಹೇಳಬೇಕಾದ ಹೆಸರೊಂದು ನನ್ನದೇ. ಕೃತಜ್ಞತೆಯ ಪುಟದಲ್ಲಿ, ಮಾರ್ಗದರ್ಶಕರು, ಅವರ ಶ್ರೀಮತಿಯವರು, ಬೆರಳಚ್ಚು ಮಾಡಿದವರು ಎಲ್ಲರೂ ಆದ ಮೇಲೆ, ‘ಕ್ಷೇತ್ರಕಾರ್ಯದಲ್ಲಿ ನೆರವಾದ ಸ್ಥಳೀಯ ಶಿಕ್ಷಕಿ’ ಎಂದು ನಾನಿದ್ದೇನೆ.

ಆ ಪೋಡಿನ ಮಕ್ಕಳು ಬೆಟ್ಟ ಇಳಿದು ನಮ್ಮ ಶಾಲೆಗೆ ಬರುತ್ತಾರೆ. ಹಾಗಾಗಿ 2008ರ ಬೇಸಿಗೆಯಲ್ಲಿ ಆ ಸಂಶೋಧಕರು ಮೊದಲು ಹುಡುಕಿಕೊಂಡು ಬಂದದ್ದು ನನ್ನನ್ನೇ. ಒಳ್ಳೆಯ ಹುಡುಗ, ನಯವಾದ ಮಾತು. ನನಗೂ ಒಂದು ಬಗೆಯ ಹೆಮ್ಮೆ. ವಿಶ್ವವಿದ್ಯಾನಿಲಯದವರು ನಮ್ಮ ಶಾಲೆಯ ಬಾಗಿಲಿಗೆ ಬಂದರಲ್ಲ ಎಂದು. ನಾಲ್ಕು ದಿನ ಅವರ ಜೊತೆ ಪೋಡಿಗೆ ಹತ್ತಿಳಿದೆ.

ಪ್ರಬಂಧದ ಭಾಷೆಯ ವಿಚಾರ ಮೊದಲು ಹೇಳಿಬಿಡುತ್ತೇನೆ. ಇಡೀ ಪುಸ್ತಕದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ‘ಸಂಗ್ರಹಿಸಲಾಗಿದೆ’, ‘ಗುರುತಿಸಲಾಗಿದೆ’, ‘ಕಂಡುಬರುತ್ತದೆ’. ಯಾರಿಗೆ ಕಂಡುಬಂತು, ಎಷ್ಟು ಹೊತ್ತು ನೋಡಿದಾಗ ಕಂಡುಬಂತು ಎಂದು ಕೇಳುವಂತಿಲ್ಲ. ‘ಮುಗ್ಧ ಜನ’ ಎಂಬ ಮಾತು ಮೂವತ್ತು ಪುಟದೊಳಗೆ ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. ಮುಗ್ಧರು ಎಂದು ಬರೆಸಿಕೊಂಡ ಅದೇ ಜನ, ಈ ಹುಡುಗ ಕೇಳಿದ ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಕೊಡಬೇಕು, ಯಾವುದಕ್ಕೆ ಎಲೆ ಅಡಿಕೆ ಮೆಲ್ಲುತ್ತ ಸುಮ್ಮನಿರಬೇಕು ಎಂದು ಬಹಳ ಲೆಕ್ಕ ಹಾಕಿಯೇ ಕೂತಿದ್ದರು. ಕೊನೆಯಲ್ಲಿ ‘ವಕ್ತೃಗಳ ಪಟ್ಟಿ’. ನಮ್ಮ ಜಾನಪದ ಸಂಶೋಧನೆ ಸಾಕಿಕೊಂಡ ಪದ ಇದು. ಹಾಡಿದವರು, ಕಥೆ ಹೇಳಿದವರು, ಗಿಡ ತೋರಿಸಿದವರು ಎಲ್ಲರೂ ವಕ್ತೃಗಳೇ. ಹೆಸರು, ವಯಸ್ಸು, ಪೋಡು, ಅದರ ಎದುರಿಗೆ ‘ಅನಕ್ಷರಸ್ಥ’. ಆ ಅಜ್ಜ ಒಂದು ಮಧ್ಯಾಹ್ನದೊಳಗೆ ತೋರಿಸಿದ ಮರಗಳಲ್ಲಿ ಅರ್ಧದ ಹೆಸರು ಬಿ.ಎ. ಬಿ.ಇಡಿ. ಆದ ನನಗೆ ಗೊತ್ತಿರಲಿಲ್ಲ. ನನ್ನ ಹೆಸರಿನ ಎದುರಿಗೆ ಯಾವ ಕೊರತೆಯನ್ನೂ ಬರೆದಿಲ್ಲ.

ಇವೆಲ್ಲ ಎರಡೋ ಮೂರೋ ಅಂಕ ಕಳೆಯುವ ತಪ್ಪುಗಳು. ದೊಡ್ಡ ತಪ್ಪು ವ್ಯಾಕರಣದ್ದು. ಅಜ್ಜ ಹೇಳಿದ್ದು, ತಾನು ಹುಡುಗನಾಗಿದ್ದಾಗ ಅಪ್ಪ ಹೇಗೆ ಬೇಟೆಗೆ ಹೋಗುತ್ತಿದ್ದ ಎಂದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಕಾಡೊಳಗಿದ್ದವರು ಹೊಲ ಬಿಟ್ಟು ಅಂಚಿನ ಪೋಡುಗಳಿಗೆ ಬಂದರು. ಅವನು ಹೇಳಿದ್ದೆಲ್ಲ ಅದಕ್ಕೂ ಹಿಂದಿನ ಮಾತು. ಪ್ರಬಂಧದಲ್ಲಿ ಅದು ‘ಇವರು ಬೇಟೆಯಾಡುತ್ತಾರೆ’ ಎಂದಾಗಿದೆ. ಭೂತಕಾಲ ವರ್ತಮಾನವಾಯಿತು. ಬುಡಕಟ್ಟಿನವರ ಬಗ್ಗೆ ಬರೆಯುವಾಗ ಹೀಗೆ ಸದಾ ವರ್ತಮಾನದಲ್ಲಿ ಬರೆಯುವುದು ಹಳೆಯ ಕ್ರಮವಂತೆ. ಅವರಿಗೆ ಕಾಲವೇ ಸರಿಯುವುದಿಲ್ಲ ಎಂಬ ಹಾಗೆ. ಅದರ ಕೆಳಗೆ ಅಜ್ಜನ ಫೋಟೋ, ಹೆಸರು, ಪೋಡು.

ಪ್ರಬಂಧ ಪುಸ್ತಕವಾಯಿತು. ಒಂದು ದಿನ ಕಾವಲಿನವರು ಅದರ ಪುಟವೊಂದರ ಜೆರಾಕ್ಸ್ ಹಿಡಿದು ಅಜ್ಜನ ಮನೆಯ ಮುಂದೆ ನಿಂತರು. ಏನೂ ಸಿಗಲಿಲ್ಲ, ಸಿಗಲು ಏನೂ ಇರಲಿಲ್ಲ. ಆದರೂ ಎರಡು ದಿನ ಕಚೇರಿಗೆ ನಡೆಸಿದರು. ಮೂರನೆಯ ದಿನ ಅಜ್ಜ ಶಾಲೆಗೆ ಬಂದು ಜಗಲಿಯ ಮೇಲೆ ಕೂತ. ಬೈಯಲಿಲ್ಲ. “ಟೀಚರಮ್ಮ, ನಾನು ಹೇಳಿದ್ದು ನಮ್ಮಪ್ಪನ ಸುದ್ದಿ ಅಲ್ಲವಾ? ನೀವೂ ಅಲ್ಲೇ ಇದ್ರಿ” ಎಂದ.

ನಾನು ಅಲ್ಲೇ ಇದ್ದೆ. ಅಷ್ಟೇ ಆಗಿದ್ದರೆ ಸಮಾಧಾನವಿತ್ತು. ಪ್ರಬಂಧದ ನಾಲ್ಕನೆಯ ಕೋಷ್ಟಕದಲ್ಲಿ ಮದುವೆ, ಕುಡಿತ, ಸಾಲ ಕುರಿತ ಉತ್ತರಗಳಿವೆ. ಅದರಲ್ಲಿ ಕೆಲವು ನಾನು ಹೇಳಿದವು. ಅವರು ಸುಮ್ಮನೆ ಕೂತಾಗ, ಬಿಸಿಲೇರುತ್ತಿದೆ, ಹುಡುಗನಿಗೆ ಬಸ್ಸು ತಪ್ಪುತ್ತದೆ ಎಂದು, ನನಗೆ ಗೊತ್ತಿರುವುದೇ ತಾನೆ ಎಂದು ನಾನೇ ತುಂಬಿಸಿಬಿಟ್ಟೆ. ಶಾಲೆಯಲ್ಲಿ ಮಕ್ಕಳು ಉತ್ತರ ಹೇಳದಿದ್ದರೆ ನಾವೇ ಹೇಳಿಬಿಡುವ ಅಭ್ಯಾಸ ಇದೆಯಲ್ಲ, ಅದೇ. ಈಗ ಅದು ಶೇಕಡಾವಾರು ಲೆಕ್ಕದಲ್ಲಿ ಆ ಜನರ ಬಾಯಲ್ಲಿದೆ.

ಇದೇನು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದ ಗ್ರ್ಯಾಂಡ್ ಕಣಿವೆಯಲ್ಲಿ ಹವಸುಪಾಯಿ ಎಂಬ ಸಣ್ಣ ಬುಡಕಟ್ಟು. ಅವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಅದರ ಕಾರಣ ತಿಳಿಯಲೆಂದು 1990ರಿಂದ ಮುಂದಿನ ಕೆಲವು ವರ್ಷ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದವರಿಗೆ ರಕ್ತ ಕೊಟ್ಟರು. ಆ ರಕ್ತದಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ಬಂದರು ಎಂಬುದರ ಬಗ್ಗೆಯೂ ಸಂಶೋಧನೆ ನಡೆಯಿತು. ಕಣಿವೆಯೇ ತಮ್ಮ ಹುಟ್ಟಿನ ತಾಣ ಎಂದು ನಂಬಿದವರು ಅವರು. 2003ರಲ್ಲಿ ಆ ಬುಡಕಟ್ಟಿನ ಹೆಣ್ಣುಮಗಳೊಬ್ಬಳು ಅದೇ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಮಂಡನೆಯೊಂದನ್ನು ಕೇಳಲು ಕೂತು, ಇದಕ್ಕೆಲ್ಲ ಒಪ್ಪಿಗೆ ಪಡೆದಿದ್ದೀರಾ ಎಂದು ಎದ್ದು ಕೇಳಿದಳು. ಮೊಕದ್ದಮೆಯಾಗಿ 2010ರಲ್ಲಿ ರಾಜಿಯಾಯಿತು. 41 ಜನರಿಗೆ ಒಟ್ಟು ಏಳು ಲಕ್ಷ ಡಾಲರ್ ಪರಿಹಾರ, ಜೊತೆಗೆ ಅವರ ರಕ್ತ ಅವರಿಗೆ ವಾಪಸ್ಸು. ಇದನ್ನು ಓದಿದಾಗ ನನಗೆ ದುಡ್ಡಿಗಿಂತ ಆ ಮಂಡನೆಯ ಕೊಠಡಿ ಕಣ್ಣಿಗೆ ಕಟ್ಟಿತು. ನಮ್ಮ ಹುಡುಗನ ಮೌಖಿಕ ಪರೀಕ್ಷೆಯ ದಿನ ಪೋಡಿನ ಒಬ್ಬರಾದರೂ ಅಲ್ಲಿ ಕೂತಿದ್ದರೆ ಆ ಕ್ರಿಯಾಪದ ಅಲ್ಲೇ ಸರಿಹೋಗುತ್ತಿತ್ತು.

ಚೆನ್ನಾಗಿ ಮಾಡಿದವರೇ ಇಲ್ಲವೆಂದಲ್ಲ. ತುಳುನಾಡಿನ ಸಿರಿ ಪಾಡ್ದನವನ್ನು ಗೋಪಾಲ ನಾಯ್ಕರು ಹಾಡಿದಂತೆ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮುಂತಾದವರು ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲಿನ ಆ ಕಾವ್ಯದ ಪುಸ್ತಕದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಕೊನೆಯ ಪಟ್ಟಿಯಲ್ಲಲ್ಲ, ರಟ್ಟಿನ ಮೇಲೆ. ಹಾಗಾದರೆ ಹೆಸರು ಹಾಕುವುದು ಸರಿಯೋ ತಪ್ಪೋ? ಹಾಡಿದವರ ಹೆಸರು ಬಿಟ್ಟರೆ ಅದು ಕಳವು; ಅಜ್ಜನ ಹೆಸರು ಹಾಕಿದ್ದು ಚಾಡಿಯಾಯಿತು. ಸಂಶೋಧಕರು ಮಾರ್ಗದರ್ಶಕರನ್ನು ಕೇಳುವ ಬದಲು ಹೆಸರಿನ ಯಜಮಾನರನ್ನೇ ಕೇಳಬೇಕಾದ ಪ್ರಶ್ನೆ ಇದು.

ಕೇಳುತ್ತೇವೆ, ಒಪ್ಪಿಗೆ ಪತ್ರವಿದೆ ಎನ್ನುತ್ತಾರೆ ಈಗಿನವರು. ಹೋದ ವರ್ಷ ಬಂದ ಹುಡುಗಿಯೂ ತಂದಿದ್ದಳು. ಇಂಗ್ಲಿಷಿನಲ್ಲಿ ಎರಡು ಪುಟ, ಜೊತೆಗೆ ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ. ಡಬ್ಬಿ ಕಂಡದ್ದೇ ಅಜ್ಜಿಯೊಬ್ಬಳು ಕೈ ಸೆರಗಿನೊಳಗೆ ಎಳೆದುಕೊಂಡಳು. “ಇದು ಯಾವ ಸಾಲಕ್ಕವ್ವ?” ಎಂದಳು. ಹುಡುಗಿ ನಕ್ಕಳು, ನಾನು ನಗಲಿಲ್ಲ. ಹೆಬ್ಬೆಟ್ಟು ಒತ್ತಿದ ಮೇಲೆ ಏನಾದರೊಂದು ಕೈಬಿಟ್ಟು ಹೋಗುತ್ತದೆ ಎಂಬುದು ಆಕೆ ಕಂಡುಂಡ ಸತ್ಯ. ವೈದ್ಯಕೀಯ ಸಂಶೋಧನೆಗೆಂದು 2017ರಲ್ಲಿ ಐಸಿಎಂಆರ್ ಹೊರಡಿಸಿದ ಮಾರ್ಗಸೂಚಿಯಲ್ಲಿ, ಓದು ಬಾರದವರಿಗೆ ಅವರ ಮಾತಿನಲ್ಲೇ ವಿವರಿಸಬೇಕು, ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು ಎಂದಿದೆ. ನಾನು ಆ ಸಾಕ್ಷಿಯಾಗಲಾರೆ. ಅವರ ಮಕ್ಕಳಿಗೆ ಅಂಕ ಕೊಡುವವಳ ಎದುರು ಯಾರು ಬೇಡವೆನ್ನುತ್ತಾರೆ? 2008ರಲ್ಲಿ ಅವರು ಬಾಗಿಲು ತೆರೆದದ್ದು ಆ ಹುಡುಗನಿಗಲ್ಲ, ನನಗೆ.

ಅದನ್ನೇ ಹುಡುಗಿಗೆ ಹೇಳಿದೆ. ನಾನು ಜೊತೆಗೆ ಬರುವುದಿಲ್ಲ, ದಾರಿ ತೋರಿಸುತ್ತೇನೆ. ಮೊದಲು ಪೋಡಿನ ಹಿರಿಯರ ಹತ್ತಿರ ಹೋಗು, ಪುಸ್ತಕ ಬಿಚ್ಚದೆ ಎರಡು ದಿನ ಕೂತು ಬಾ. ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ಕರೆಯಬೇಡ. ಬರೆದದ್ದನ್ನು ಅಚ್ಚಿಗೆ ಮುಂಚೆ ತಂದು ಓದಿ ಹೇಳು. ಮೂರನೆಯದಕ್ಕೆ ಅವಳ ಮುಖ ಸಣ್ಣದಾಯಿತು. “ಅಷ್ಟು ಟೈಮ್ ಇಲ್ಲ ಮೇಡಂ, ಫೆಲೋಶಿಪ್ ಮುಗಿಯುತ್ತೆ” ಎಂದಳು. ಅದು ಅವಳ ತಪ್ಪಲ್ಲ. ಮೂರು ವರ್ಷದಲ್ಲಿ ಮುಗಿಸು ಎನ್ನುವವರು ವಾಪಸ್ ಹೋಗಿ ಓದಿ ಹೇಳಲು ಬಸ್ ಚಾರ್ಜನ್ನೂ ಇಟ್ಟಿರುವುದಿಲ್ಲ.

ಆದರೂ ಮಳೆಗಾಲ ಮುಗಿಯುವ ಹೊತ್ತಿಗೆ ಬಂದಳು. ರಾಗಿ ಬಡಿಯುವ ಕಣದ ಪಕ್ಕ ಕೂತು ಓದಿದಳಂತೆ. ಕೆಲವು ಕಡೆ ಜನ ನಕ್ಕು ತಿದ್ದಿದರು, ಎರಡು ಗಿಡದ ಹೆಸರು ಅದಲುಬದಲಾಗಿತ್ತು. ತಮ್ಮ ಕುಲದ ದೇವರ ಜಾಗದ ವಿವರ ಬಂದಾಗ ಮಾತ್ರ ಎಲ್ಲರೂ ಸುಮ್ಮನಾದರು. ಇಂಕಿನ ಡಬ್ಬಿಗೆ ಹೆದರಿದ್ದ ಅಜ್ಜಿ, “ಅದ ತೆಗ್ದುಬುಡು ಮಗ” ಎಂದಳು. ಒಂದೂವರೆ ಪುಟ. ಹುಡುಗಿ ಅಲ್ಲೇ ಹರಿದು ಅಜ್ಜಿಯ ಕೈಗೆ ಕೊಟ್ಟಳು.

ಈಗ ಅವಳ ಮೂರನೆಯ ಅಧ್ಯಾಯದಲ್ಲಿ ಒಂದು ಕಡೆ ಖಾಲಿ ಇದೆ. ಇಲ್ಲಿ ಮಾಹಿತಿ ಯಾಕಿಲ್ಲ ಎಂದು ಮಾರ್ಗದರ್ಶಕರು ಕೇಳಿದ್ದಾರೆ, ಏನು ಬರೆಯಲಿ ಮೇಡಂ ಎಂದು ಫೋನು ಮಾಡಿದ್ದಳು. ಬೇಡವೆಂದರು ಎಂದು ಬರೆ ಅಂದೆ. ಬರೆದಿದ್ದಾಳೆ. ಅವರು ಇನ್ನೂ ಸಹಿ ಹಾಕಿಲ್ಲ.