‘ಹತ್ತು ಕುರಿ’ ತಪ್ಪೇ? ವಾಕ್ಯಶುದ್ಧಿಯ ಬಹುಆಯ್ಕೆ ಪ್ರಶ್ನೆಗಳ ಒಂದು ವಿಮರ್ಶೆ

‘ಸರಿಯಾದ ವಾಕ್ಯವನ್ನು ಆರಿಸಿ’ ಎಂಬ ಪ್ರಶ್ನೆಗೆ ಒಂದೇ ಸರಿಯುತ್ತರವಿರಬೇಕು. ಈ ನಿಬಂಧನೆ ಎಲ್ಲಿ ಮುರಿಯುತ್ತದೆಂಬುದನ್ನು ನಾವೇ ರಚಿಸಿದ ಮಾದರಿಯೊಂದರ ಮೂಲಕ ಪರಿಶೀಲಿಸುತ್ತೇವೆ.

(ಅ) ರೊಪ್ಪಕ್ಕೆ ಹತ್ತು ಕುರಿ ಬಂದವು.
(ಆ) ರೊಪ್ಪಕ್ಕೆ ಹತ್ತು ಕುರಿಗಳು ಬಂದವು.
(ಇ) ರೊಪ್ಪಕ್ಕೆ ಹತ್ತು ಕುರಿಗಳು ಬಂದರು.
(ಈ) ರೊಪ್ಪಕ್ಕೆ ಹತ್ತು ಕುರಿಗಳು ಬಂದಳು.

ಕೊನೆಯ ಎರಡರಲ್ಲಿ ಕ್ರಿಯಾಪದವು ಕರ್ತೃವಿನೊಡನೆ ಹೊಂದುವುದಿಲ್ಲ. ಅವನ್ನು ಕೈಬಿಡುವುದು ನ್ಯಾಯವೇ. ಆದರೆ (ಅ)ದಲ್ಲಿ ವಚನದೋಷವಿದೆಯೆಂದು (ಆ)ಕ್ಕೆ ಮಾತ್ರ ಅಂಕ ನೀಡುವ ಕೀಲಿಯುತ್ತರವನ್ನು ನಾವು ಒಪ್ಪಲಾರೆವು. ಸಂಖ್ಯಾವಾಚಕವೇ ಬಹುತ್ವವನ್ನು ತಿಳಿಸುವಾಗ ಕನ್ನಡದ ನಪುಂಸಕ ನಾಮಪದಕ್ಕೆ ‘ಗಳು’ ಐಚ್ಛಿಕ. ಮನುಷ್ಯವಾಚಕಗಳಲ್ಲಿ ಹಾಗಲ್ಲ, ‘ಹತ್ತು ಹುಡುಗ ಬಂದರು’ ಎಂಬುದು ಅಸಾಧು. ಇಲ್ಲಿ ವಚನದ ನಿಯಮವು ಲಿಂಗವನ್ನು ಅವಲಂಬಿಸಿದೆ. ಕೀಲಿಯುತ್ತರವು ಈ ಭೇದವನ್ನೇ ಅಳಿಸುತ್ತದೆ.

ಇದರ ಪರಿಣಾಮ ಗಡಿಭಾಗದಲ್ಲಿ ಸ್ಪಷ್ಟವಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಆಂಧ್ರದ ಗಡಿಗೆ ಸಮೀಪದ ಹೋಬಳಿ. ಕನ್ನಡ, ತೆಲುಗು ಎರಡೂ ಅಲ್ಲಿ ಮನೆಮಾತುಗಳು. ತೆಲುಗಿನಲ್ಲಿ ಸಂಖ್ಯಾವಾಚಕದ ನಂತರವೂ ಬಹುವಚನ ಬೇಕು: ‘ಪದಿ ಗೊರ್ರೆಲು’ ಎನ್ನಬೇಕಲ್ಲದೆ ‘ಪದಿ ಗೊರ್ರೆ’ ಎನ್ನುವಂತಿಲ್ಲ. ಮನೆಮಾತಿನ ನಿಯಮವನ್ನೇ ನಂಬಿದರೆ ತೆಲುಗು ಮನೆಯ ವಿದ್ಯಾರ್ಥಿಯು (ಆ)ವನ್ನು ಆರಿಸುತ್ತಾನೆ. ಕನ್ನಡ ಮನೆಯವನಿಗೆ ಎರಡೂ ಸರಿ ತೋರುತ್ತವೆ, (ಅ)ವನ್ನು ಆರಿಸಿದರೆ ಅಂಕ ಹೋಗುತ್ತದೆ. ಮೊದಲಿನವನ ಉತ್ತರವೂ ತಪ್ಪಲ್ಲ. ತಪ್ಪಿರುವುದು, ಕನ್ನಡದ ಸಹಜ ಪ್ರಯೋಗವನ್ನು ಕನ್ನಡ ಪರೀಕ್ಷೆಯೇ ದೋಷವೆನ್ನುವಲ್ಲಿ.

ಗ್ರಾಂಥಿಕ ಶೈಲಿಗೆ (ಆ) ಹೆಚ್ಚು ಒಪ್ಪುತ್ತದೆಯೆಂಬ ಆಕ್ಷೇಪ ಬರಬಹುದು. ಬರಲಿ, ಆಗ ಪ್ರಶ್ನೆಯು ‘ಗ್ರಾಂಥಿಕ ಶೈಲಿಗೆ ಹೆಚ್ಚು ಒಪ್ಪುವ ವಾಕ್ಯ’ವನ್ನು ಕೇಳಬೇಕು. ಶೈಲಿಯ ಔಚಿತ್ಯ ಬೇರೆ, ವ್ಯಾಕರಣದ ಸಾಧುತ್ವ ಬೇರೆ. ಇವೆರಡನ್ನು ಬೆರೆಸಿದಾಗ ಅಭ್ಯರ್ಥಿಯು ಭಾಷೆಯ ನಿಯಮವನ್ನು ಬಿಟ್ಟು ಪ್ರಶ್ನೆ ತೆಗೆದವರ ಮನಸ್ಸನ್ನು ಊಹಿಸತೊಡಗುತ್ತಾನೆ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ವಾದಿಸಿದ್ದು ಪಠ್ಯಪುಸ್ತಕಗಳಿಗಷ್ಟೇ ಅಲ್ಲ, ಕೀಲಿಯುತ್ತರಗಳಿಗೂ ಸಲ್ಲಬೇಕಾದ ಮಾತು.

ಪರಿಹಾರ ಕಷ್ಟದ್ದಲ್ಲ. (ಅ)ದ ಜಾಗದಲ್ಲಿ ‘ರೊಪ್ಪಕ್ಕೆ ಹತ್ತು ಕುರಿಗಳು ಬಂದನು’ ಎಂದಿಟ್ಟರೆ (ಆ) ಒಂದೇ ಸರಿಯುತ್ತರವಾಗಿ ಉಳಿಯುತ್ತದೆ. ವಚನವನ್ನೇ ಪರೀಕ್ಷಿಸಬೇಕಿದ್ದರೆ ‘ಹತ್ತು ಹುಡುಗ’ದಂತಹ ಮನುಷ್ಯವಾಚಕವನ್ನು ಬಳಸಬಹುದು. ಪ್ರತಿಯೊಂದು ತಪ್ಪು ಆಯ್ಕೆಯೂ ಯಾವ ನಿಯಮವನ್ನು ಮುರಿಯುತ್ತದೆಂದು ಪ್ರಶ್ನೆ ತೆಗೆಯುವವರು ಒಂದು ಸಾಲಿನಲ್ಲಿ ಬರೆದಿಡಲಿ. ಬರೆಯಲಾಗದ ಕಡೆ ಆ ಆಯ್ಕೆಯನ್ನು ತಪ್ಪೆನ್ನುವ ಅಧಿಕಾರ ಅವರಿಗಿಲ್ಲವೆಂಬುದು ನಮ್ಮ ನಿಲುವು.