ಪ್ರೀತಿಯೊಂದೇ ಮದ್ದಾಗಿದ್ರೆ ನಮ್ಮೂರಲ್ಲಿ ಕುಡುಕರೇ ಇರ್ತಿರಲಿಲ್ಲ

ವ್ಯಸನದ ಮಾತು ಬಂದಾಗಲೆಲ್ಲ ಆಫೀಸಿನಲ್ಲಿ ಯಾರಾದರೊಬ್ಬರು ಯೋಹಾನ್ ಹ್ಯಾರಿಯವರ ಟೆಡ್ ಭಾಷಣದ ಲಿಂಕ್ ಕಳಿಸ್ತಾರೆ. 2015ರದ್ದು. ಅದೇ ವರ್ಷ ಬಂದ ಅವರ 'ಚೇಸಿಂಗ್ ದ ಸ್ಕ್ರೀಮ್' ಪುಸ್ತಕದ ವಾದವೂ ಹೆಚ್ಚುಕಮ್ಮಿ ಅದೇ: ಚಟ ಹಿಡಿಸೋದು ಮಾದಕ ವಸ್ತುವಿಗಿಂತ ಹೆಚ್ಚಾಗಿ ಒಂಟಿತನ, ವ್ಯಸನಿಗೆ ಬೇಕಿರೋದು ಶಿಕ್ಷೆಯಲ್ಲ, ನಂಟು. ಶಿಕ್ಷೆಯ ಬಗ್ಗೆ ಅವರು ಹೇಳಿದ್ದು ಸರಿಯಾಗಿಯೇ ಇದೆ. ಜೈಲಿಗೆ ಹಾಕಿ, ಇದ್ದ ಕೆಲಸವನ್ನೂ ಕಿತ್ತುಕೊಂಡರೆ ಯಾರು ಚಟ ಬಿಡ್ತಾರೆ? ನನ್ನ ತಕರಾರು ಉಳಿದರ್ಧದ ಬಗ್ಗೆ.

ಮೊದಲ ಸಾಕ್ಷಿ, ಕೆನಡಾದ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೆಯಲ್ಲಿ ಮಾಡಿದ 'ರ‍್ಯಾಟ್ ಪಾರ್ಕ್' ಪ್ರಯೋಗ. ಪಂಜರದಲ್ಲಿ ಒಂಟಿಯಾಗಿದ್ದ ಇಲಿಗಳು ಮಾರ್ಫಿನ್ ಬೆರೆಸಿದ ನೀರನ್ನು ಹೆಚ್ಚು ಕುಡಿದವು. ಸಂಗಾತಿಗಳು, ಆಡೋ ಜಾಗ ಇದ್ದ ಇಲಿಗಳು ಕಡಿಮೆ ಕುಡಿದವು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಪ್ರತಿ ಸಲವೂ ಇದೇ ಫಲಿತಾಂಶ ಬರಲಿಲ್ಲ. ಭಾಷಣದಲ್ಲಿ ಅದರ ಸುದ್ದಿಯೇ ಇಲ್ಲ.

ಎರಡನೆಯದು ವಿಯೆಟ್ನಾಂ ಯುದ್ಧ. ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕನ್ ಸೈನಿಕರಲ್ಲಿ ಬಹುಪಾಲು ಜನ ಊರಿಗೆ ಮರಳಿದ ಮೇಲೆ ಬಿಟ್ಟರು ಅನ್ನೋದನ್ನು ಲೀ ರಾಬಿನ್ಸ್ ಅವರ ಅಧ್ಯಯನ ತೋರಿಸಿತು. ಮನೆ, ಗೆಳೆಯರು ಸಿಕ್ಕಿದ್ದೇ ಕಾರಣ ಅಂತಾರೆ ಹ್ಯಾರಿ. ಆದರೆ ವಿಯೆಟ್ನಾಂನಲ್ಲಿ ಅಗ್ಗವಾಗಿ ಕೈಗೆ ಸಿಗ್ತಿದ್ದ ಹೆರಾಯಿನ್ ಅಮೆರಿಕದಲ್ಲಿ ದುಬಾರಿ, ಹುಡುಕಬೇಕಿತ್ತು ಕೂಡ. ಕೋಡ್‌ನಲ್ಲಿ ಒಟ್ಟಿಗೇ ಎರಡು ಬದಲಾವಣೆ ಮಾಡಿದ ಮೇಲೆ ಬಗ್ ಹೋದರೆ, ಯಾವುದರಿಂದ ಹೋಯ್ತು ಅಂತ ಹೇಳೋಕಾಗುತ್ತಾ?

ಮೂರನೆಯದು ಪೋರ್ಚುಗಲ್. 2001ರಲ್ಲಿ ಅದು ಸ್ವಂತ ಬಳಕೆಗೆ ಮಾದಕ ವಸ್ತು ಇಟ್ಟುಕೊಳ್ಳೋದನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯಿತು. ಹ್ಯಾರಿ ಒತ್ತು ಕೊಡೋದು ಉದ್ಯೋಗ ಮತ್ತು ಸಣ್ಣ ಸಾಲಕ್ಕೆ. ಚಿಕಿತ್ಸೆಯನ್ನು ಒಂದೆರಡು ಮಾತಲ್ಲಿ ದಾಟಿಬಿಡ್ತಾರೆ. ಅಲ್ಲಿ ಮೆಥಡೋನ್ ಚಿಕಿತ್ಸೆಯನ್ನು ದೊಡ್ಡ ಮಟ್ಟದಲ್ಲಿ ವಿಸ್ತರಿಸಿದ್ದು ಸಣ್ಣ ಸಂಗತಿಯೇನಲ್ಲ.

ಇದನ್ನೆಲ್ಲ ಇಷ್ಟು ಕೆದಕೋಕೆ ಕಾರಣ ಇದೆ. ನಾನು ಬೆಳೆದ ಹಳ್ಳಿಯಲ್ಲಿ ನಂಟಿಗೆ ಬರವಿಲ್ಲ. ಒಂದು ದಿನ ಹೊರಗೆ ಕಾಣಿಸದಿದ್ದರೆ ನಾಲ್ಕು ಮನೆಯವರು ಬಂದು ವಿಚಾರಿಸ್ತಾರೆ. ಆದರೂ ಕುಡೀತಾರೆ. 'ಮದುವೆ ಮಾಡಿ, ಸರಿಹೋಗ್ತಾನೆ' ಅಂತ ಹೆಣ್ಣು ತಂದು ಕಟ್ಟಿದ ಮನೆಗಳು ಎಷ್ಟಿಲ್ಲ! ಟೆಡ್ ವೇದಿಕೆಯಲ್ಲಿ ಹೊಸ ವಿಜ್ಞಾನ ಅನ್ನಿಸಿಕೊಳ್ಳೋದು ನಮ್ಮ ಜಗಲಿಗಳಲ್ಲಿ ಹಳೇ ಮಾತು. ಗಂಡ ಕುಡಿತ ಬಿಡಲಿಲ್ಲ ಅಂದ್ರೆ, ಹೆಂಡತಿಯೇ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಾಗುತ್ತೆ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಜೀವವೇ ಹೋಗಬಹುದು. ಆ ಹೊತ್ತಿಗೆ ಬೇಕಾದವರು ಡಾಕ್ಟರು.

2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ಸೇರಿದ್ದು 180ರಲ್ಲಿ ಒಬ್ಬರು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು, ಆದರೆ ಬೇರೆ ಮದ್ಯ ಉಳಿಯಿತು. ಇವತ್ತು ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಗಳಲ್ಲಿ ಅದು ಸಿಗುತ್ತೆ, ಪ್ರತಿ ಬಜೆಟ್‌ನಲ್ಲೂ ಅಬಕಾರಿ ಆದಾಯಕ್ಕೆ ಗುರಿ ಇಡ್ತಾರೆ. ಇಷ್ಟು ಜನರನ್ನು ಚಿಕಿತ್ಸೆಗೆ ತಲುಪಿಸ್ತೀವಿ ಅನ್ನೋ ಗುರಿಯೂ ಅದರ ಪಕ್ಕದಲ್ಲೇ ಇರಬೇಕಲ್ವಾ?

ಹ್ಯಾರಿಯವರ ಪುಸ್ತಕ ಓದಿ. ವ್ಯಸನಿಯನ್ನು ಬೈಯೋದು ನಿಲ್ಲಿಸೋಕಾದ್ರೂ ಓದಬೇಕು. ಆದರೆ ಮುಂದಿನ ಸಲ ಯಾರಾದರೂ ಆ ಲಿಂಕ್ ಕಳಿಸಿದಾಗ ಒಂದು ಪ್ರಶ್ನೆ ಕೇಳಿ: ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸೋಕೆ ಡಾಕ್ಟರು ಯಾವ ದಿನ ಸಿಗ್ತಾರೆ?